ಬಡವರ ಮನೆ ಬೇಕಾಗಿದೆ

ನಮ್ಮ ಸಮಾಜದ ಪರವಾಗಿ ನಾನು ಎರಡು ಪುಸ್ತಿಕೆ ಬರೆದುಕೊಟ್ಟಿದ್ದೇನೆ. ಮೊದಲನೆಯದರಲ್ಲಿ ನಾವು ರಾಜವಂಶದವರು ಎಂದು ಸಾಧಿಸಿದ್ದೆ. ಎರಡನೆಯದರಲ್ಲಿ ನಮ್ಮಷ್ಟು ಹಿಂದುಳಿದವರು ಈ ನಾಡಿನಲ್ಲೇ ಇಲ್ಲ ಎಂದು ಸಾಧಿಸಿದೆ. ಎರಡನ್ನೂ ಅಚ್ಚು ಹಾಕಿಸಿದವರು ಅದೇ ಅಧ್ಯಕ್ಷರು, ಬಿಡುಗಡೆಯಾದದ್ದು ಅದೇ ಕಲ್ಯಾಣ ಮಂಟಪದಲ್ಲಿ, ಚಪ್ಪಾಳೆ ತಟ್ಟಿದವರೂ ಅದೇ ಜನ. ಮೊದಲ ಪುಸ್ತಿಕೆಯ ಮುಖಪುಟದಲ್ಲಿ ಕತ್ತಿ ಹಿಡಿದು ಕುದುರೆ ಏರಿದ ವೀರನೊಬ್ಬನಿದ್ದ. ಎರಡನೆಯದಕ್ಕೆ ಅದೇ ಕಲಾವಿದನಿಂದ ತಲೆಯ ಮೇಲೆ ಕೈ ಹೊತ್ತು ಕುಳಿತವನ ಚಿತ್ರ ಬರೆಸಿದೆವು. ಮೀಸೆ ಮಾತ್ರ ಹಾಗೇ ಉಳಿಯಿತು. ಅದನ್ನು ತೆಗೆಸಲು ಅಧ್ಯಕ್ಷರು ಒಪ್ಪಲಿಲ್ಲ.

ನಾನು ವಿಜಯಪುರದ ಜಲನಗರದಲ್ಲಿ ಮನೆ ಮಾಡಿಕೊಂಡು ಕಾಲೇಜಿನಲ್ಲಿ ಕನ್ನಡ ಕಲಿಸುವವನು. ಕನ್ನಡ ಕಲಿಸುವವನಿಗೆ ಸಮಾಜದಲ್ಲಿ ಒಂದೇ ಕೆಲಸ, ಮನವಿ ಬರೆಯುವುದು. ಸಂಬಳದವನಾದ್ದರಿಂದ ಧರಣಿಯಲ್ಲಿ ಕೂರುವ ಹಾಗಿಲ್ಲ, ಕೂರದಿದ್ದರೆ ಸಮಾಜದವರು ಬಿಡುವುದಿಲ್ಲ. ಹಾಗಾಗಿ ಎಲ್ಲ ಫೋಟೋಗಳಲ್ಲೂ ನಾನು ಅಂಚಿನಲ್ಲಿದ್ದೇನೆ, ಅರ್ಧ ಮುಖ, ಒಂದು ಭುಜ. ಯಾವ ಸಮಾಜ ಎಂದು ಮಾತ್ರ ಕೇಳಬೇಡಿ. ಹೇಳಿದರೆ ಉಳಿದವರು ನಗುತ್ತಾರೆ, ನಮ್ಮವರು ಕೋರ್ಟಿಗೆ ಹೋಗುತ್ತಾರೆ. ಓದುವವರು ತಮ್ಮದೇ ಎಂದುಕೊಂಡರೂ ಅಂಥ ತಪ್ಪೇನಾಗುವುದಿಲ್ಲ.

ಅಧ್ಯಕ್ಷರು ಬಬಲೇಶ್ವರದವರು. ದ್ರಾಕ್ಷಿ ತೋಟವಿದೆ, ವಿಜಯಪುರದ ಅಥಣಿ ರಸ್ತೆಯ ಹೊಸ ಬಡಾವಣೆಯಲ್ಲಿ ಮನೆಯಿದೆ, ಮನೆಯ ಮುಂದೆ ನಿಲ್ಲಿಸಿದ ಬಿಳಿ ಕಾರಿನ ಹಿಂಬದಿಯ ಗಾಜಿನ ಮೇಲೆ ‘ಸಾಮಾಜಿಕ ನ್ಯಾಯ’ ಎಂದು ದೊಡ್ಡ ಅಕ್ಷರಗಳಿವೆ. ಬಬಲೇಶ್ವರದಿಂದ ಜಿಲ್ಲಾಧಿಕಾರಿ ಕಚೇರಿಯವರೆಗೆ ಅವರು ಪಾದಯಾತ್ರೆ ಮಾಡಿದಾಗ ಆ ಕಾರೂ ಹಿಂದೆ ಹಿಂದೆ ಬಂತು. ಪೇಪರಿನವರು ಇದ್ದಷ್ಟು ದೂರ ಅವರು ನಡೆದರು, ಇಲ್ಲದಷ್ಟು ದೂರ ಕಾರು ನಡೆಯಿತು. ನಮ್ಮ ಬೇಡಿಕೆ ಸರಳವಾಗಿತ್ತು. ಎಲ್ಲರಿಗಿಂತ ಕೆಳಗಿನವರಿಗೆ ಏನು ಸಿಗುತ್ತಿದೆಯೋ ಅದು ನಮಗೂ ಸಿಗಬೇಕು.

ಇದನ್ನು ಪರಿಶೀಲಿಸಲು ಬೆಂಗಳೂರಿನಿಂದ ಮೀಸಲಾತಿ ಪಟ್ಟಿ ನೋಡುವ ಆಯೋಗದ ಸದಸ್ಯರೊಬ್ಬರು ಬರುತ್ತಾರೆ ಎಂದು ಸುದ್ದಿಯಾದ ಮೇಲೆ ಅಥಣಿ ರಸ್ತೆಯ ಮನೆಯಲ್ಲಿ ತಾಲೀಮು ಶುರುವಾಯಿತು. ಅದೊಂದು ನೋಡುವಂಥ ನೋಟ. ಹಿಂದೆಲ್ಲ ಇದೇ ಪಡಸಾಲೆಯಲ್ಲಿ ಯಾರ ಬೋರಿಗೆ ಎಷ್ಟು ನೀರು ಬಿತ್ತು, ಯಾರ ಮಗನ ಮದುವೆಗೆ ಎಷ್ಟು ಬಗೆಯ ಸಿಹಿ ಎಂದು ಎದೆ ಉಬ್ಬಿಸಿಕೊಂಡು ಕೂರುತ್ತಿದ್ದವರು ಈಗ ನಾ ಮುಂದು ತಾ ಮುಂದು ಎಂದು ದುಃಖ ತೋಡಿಕೊಳ್ಳತೊಡಗಿದರು. ಊಟ ಮುಗಿದಿತ್ತು. ಶೇಂಗಾ ಹೋಳಿಗೆ ತಿಂದ ಬಾಯಲ್ಲಿ ಹಸಿವಿನ ಮಾತು ಸರಾಗವಾಗಿ ಬರುತ್ತಿತ್ತು.

ಅಧ್ಯಕ್ಷರು ಎಲ್ಲರಿಗೂ ಪಾಠ ಹೇಳಿದರು. “ಆಯೋಗದವ್ರು ಕೇಳ್ತಾರ ನೋಡ್ರಿ, ನಿಮ್ಮ ಕೈಯಾಗಿನ ನೀರು ಮಂದಿ ಕುಡೀತಾರೇನು ಅಂತ. ಕುಡ್ಯಾಂಗಿಲ್ಲ ಅನ್ನಬೇಕು. ಹಿಂಗ, ಮುಖಾ ಸಣ್ಣದು ಮಾಡಿ ಅನ್ನಬೇಕು.”

ಮೂಲೆಯಲ್ಲಿದ್ದ ಒಬ್ಬ ಹಿರಿಯರಿಗೆ ಸಂಶಯ ಬಂತು. “ಯಾರು ಕುಡ್ಯಾಂಗಿಲ್ರಿ ಸಾವ್ಕಾರ್ರ?”

“ಯಾರರ ಒಬ್ರು ಕುಡ್ಯಾಂಗಿಲ್ಲ ಬಿಡೋ ಮಾರಾಯಾ!”

ಆ ಸಾಲನ್ನು ಮನವಿಯಲ್ಲೂ ಸೇರಿಸಿದೆವು. ನಾವು ಯಾರ ಕೈಯ ನೀರು ಕುಡಿಯುವುದಿಲ್ಲ ಎಂದು ಆಯೋಗ ಕೇಳೀತು ಎಂಬ ಭಯ ಆ ಪಡಸಾಲೆಯಲ್ಲಿ ಒಬ್ಬರಿಗೂ ಇರಲಿಲ್ಲ.

ಆಯೋಗದವರು ಸಮಾಜದ ಒಂದು ಬಡ ಮನೆಯನ್ನು ಕಣ್ಣಾರೆ ನೋಡಬೇಕು ಎಂದಿದ್ದರು. ಅಲ್ಲಿ ನಮ್ಮ ಚಳವಳಿ ಮೊದಲ ಸಲ ಮುಗ್ಗರಿಸಿತು. ಅಧ್ಯಕ್ಷರ ಜೊತೆ ನಾನೂ ಬಬಲೇಶ್ವರದ ಓಣಿ ಓಣಿ ಸುತ್ತಿದೆ. ಒಬ್ಬನ ಮನೆಯ ಗೋಡೆ ವಾಲಿತ್ತು. ಅವನು ಕೆರಳಿಬಿಟ್ಟ. “ನನ್ನ ಮನೀನ ಯಾಕ ತೋರಸ್ತೀರಿ? ಆ ಮೂಲಿ ಮನಿಯಂವ ನನಗಿಂತಾ ಬಡವ ಅದಾನ, ಅಂವಂದು ತೋರಸ್ರಿ.” ಮೂಲೆ ಮನೆಯವನು ಬಾಗಿಲು ಅರ್ಧ ತೆಗೆದು, “ನಮ್ಮ ಹುಡುಗಗ ಹೆಣ್ಣ ನೋಡಾಕತ್ತೇವ್ರಿ. ಬಡವರು ಅಂತ ಪೇಪರಿನ್ಯಾಗ ಬಂದ್ರ ಯಾರ ಕೊಡ್ತಾರ?” ಎಂದು ಅಷ್ಟನ್ನೂ ಮುಚ್ಚಿಕೊಂಡ. ಹೀಗೆ ಇಡೀ ದಿನ ಅಲೆದೆವು. ಒಟ್ಟಾಗಿ ನಮ್ಮ ಸಮಾಜ ಕಡುಬಡವಾಗಿತ್ತು, ಬಿಡಿಬಿಡಿಯಾಗಿ ಒಬ್ಬರೂ ಬಡವರಿರಲಿಲ್ಲ.

ವಾಪಸು ಬರುವಾಗ ಕಾರಿನಲ್ಲಿ ಅಧ್ಯಕ್ಷರಿಗೆ ಥಟ್ಟನೆ ಹೊಳೆಯಿತು. “ಸರ, ತಿಕೋಟಾದಾಗ ನಿಮ್ಮ ಚಿಗವ್ವ ಅದಾಳಲ್ಲ, ಆಕಿ ಮನಿ ಪತ್ರಾಸಿಂದ ಹೌದಲ್ಲೋ?”

ಚಿಗವ್ವ ನನ್ನ ತಾಯಿಯ ತಂಗಿ. ಗಂಡ ತೀರಿದ ಮೇಲೆ ತಿಕೋಟಾದಲ್ಲಿ ಮಣೂಕ, ಅಂದರೆ ಒಣದ್ರಾಕ್ಷಿ, ಆರಿಸುವ ಕೂಲಿ ಮಾಡಿ ಮಗಳನ್ನು ಬಿಕಾಂ ಓದಿಸಿದವಳು. ತಗಡಿನ ಮನೆ, ಒಂದೇ ಬಾಗಿಲು. ಗಂಡ ಸತ್ತಾಗ ಸಮಾಜದಿಂದ ಒಂದು ನರಪಿಳ್ಳೆಯೂ ಬಂದು ಕಣ್ಣೊರೆಸಿರಲಿಲ್ಲ. ಈಗ ಅವಳ ತಗಡು ಇವರಿಗೆ ನೆನಪಾದದ್ದು ನೋಡಿ ನನಗೆ ಮೈಯೆಲ್ಲ ಉರಿಯಿತು. ಆದರೂ ಹೋಗಿ ಹೇಳಿದೆ, ಯಾಕೆಂದರೆ ಇನ್ನೊಂದು ಮಾತೂ ನಡೆದಿತ್ತು. ಅಧ್ಯಕ್ಷರ ತಂಗಿ ಯಾವುದೋ ಮದುವೆಯಲ್ಲಿ ಚಿಗವ್ವನ ಮಗಳನ್ನು ಕಂಡು ತನ್ನ ಮಗನಿಗೆ ಮೆಚ್ಚಿಕೊಂಡಿದ್ದಳು. ಹುಡುಗ ಹುಡುಗಿ ಇಬ್ಬರಿಗೂ ಮನಸ್ಸಿತ್ತು. ಉಳಿದದ್ದು ನಮ್ಮ ಕಡೆಯ ಪದ್ಧತಿ ಮಾತ್ರ: ಗಂಡಿನ ಕಡೆಯ ಹೆಂಗಸರು ಒಮ್ಮೆ ಬಂದು ಮನೆ ನೋಡಿ ಹೋಗುವುದು.

ಅಧ್ಯಕ್ಷರು ಲೆಕ್ಕಾಚಾರದ ಮನುಷ್ಯ. “ಹ್ಯಾಂಗೂ ತಿಕೋಟಾಕ ಹೊಂಟೇವಿ, ತಂಗೀನೂ ಅವತ್ತ ಕರಕೊಂಡ ಬರ್ತೀನಿ. ಒಂದ ಪೆಟ್ರೋಲಿನ್ಯಾಗ ಎರಡು ಕೆಲಸ” ಎಂದುಬಿಟ್ಟರು. ಒಂದೇ ಮನೆ, ಒಂದೇ ದಿನ, ಒಬ್ಬರಿಗೆ ಬಡವಾಗಿ ಕಾಣಬೇಕು, ಇನ್ನೊಬ್ಬರಿಗೆ ಬೀಗತನಕ್ಕೆ ತಕ್ಕದ್ದಾಗಿ ಕಾಣಬೇಕು ಎಂಬುದು ಅವರ ತಲೆಗೆ ಹೋಗಲಿಲ್ಲ. ಚಿಗವ್ವನಿಗೆ ಕೂಡಲೇ ಹೋಯಿತು.

“ತಮ್ಮಾ, ನೀ ಕಲತಾಂವ ಅದೀ, ನೀನ ಹೇಳು. ಬಡವರ ಮನಿ ಕಾಣಬೇಕೋ, ಬೀಗರ ಮನಿ ಕಾಣಬೇಕೋ?”

“ಎರಡೂ” ಅಂದೆ. ಕಲಿತವರ ಉತ್ತರ ಹೀಗೇ ಇರುತ್ತದೆ.

ಅವಳು ನನ್ನ ಮುಖ ನೋಡಿ ರಸ್ತೆ ದಾಟಿ ಎದುರು ಮನೆಗೆ ಹೋದಳು. ಎದುರಿನದು ನರ್ಸಬಾಯಿಯ ಮನೆ. ಸರಕಾರಿ ದವಾಖಾನೆಯಲ್ಲಿ ಹೆರಿಗೆ ಮಾಡಿಸುತ್ತಲೇ ನಿವೃತ್ತರಾದವರು, ಸುತ್ತಿನ ಅರ್ಧ ಜನರನ್ನು ಈ ಭೂಮಿಗೆ ಇಳಿಸಿದವರು. ಬೌದ್ಧರು. ಊರಿನ ಆಚೆಯ ಕೇರಿಯಲ್ಲಿ ಹುಟ್ಟಿ, ಓದಿ, ಮೀಸಲಾತಿಯಲ್ಲಿ ನೌಕರಿ ಹಿಡಿದು, ಹೊಸ ಪ್ಲಾಟಿನಲ್ಲಿ ಆರ್‌ಸಿಸಿ ಮನೆ ಕಟ್ಟಿಸಿದ್ದರು. ಅಧ್ಯಕ್ಷರು ಭಾಷಣದಲ್ಲಿ “ಅವರೆಲ್ಲ ಮುಂದ ಹೋದ್ರು, ನಾವು ಹಿಂದ ಉಳಿದ್ವಿ” ಎಂದು ಗಂಟಲು ಹರಿದುಕೊಳ್ಳುವುದು ಇಂಥವರನ್ನು ಕುರಿತೇ. ಚಿಗವ್ವನಿಗೆ ಅವರು ‘ಅಕ್ಕಾ’. ಇವಳ ಮಗಳು ಹುಟ್ಟಿದ್ದೂ ಅವರ ಕೈಯಲ್ಲೇ. ಒಬ್ಬರ ಮನೆಯ ಪಲ್ಯ ಇನ್ನೊಬ್ಬರ ಮನೆಗೆ ಹೋಗಿ ಬರುವುದು ಊರಿಗೆ ಗೊತ್ತಿರಲಿಲ್ಲ, ಅಥವಾ ಗೊತ್ತಿದ್ದೂ ಬಡ ವಿಧವೆಯನ್ನು ಕೇಳುವ ಗೋಜಿಗೆ ಯಾರೂ ಹೋಗಿರಲಿಲ್ಲ.

ಆಯೋಗ ಬರುವ ದಿನ ಬೆಳಿಗ್ಗೆ ಅಧ್ಯಕ್ಷರು, ಅವರ ತಂಗಿ ಮತ್ತು ನಾನು ತಿಕೋಟಾಕ್ಕೆ ಹೋದೆವು. ಸಮಾಜದ ಘನತೆಗೆ ತಕ್ಕಂತೆ ಅಧ್ಯಕ್ಷರು ಅಂದು ಹಳೆಯ ಅಂಗಿ ತೊಟ್ಟಿದ್ದರು. ಹಳೆಯದು ಸಿಗದೆ ಆಳಿನ ಅಂಗಿ ತೊಟ್ಟಿದ್ದರೆಂದು ಆಮೇಲೆ ತಿಳಿಯಿತು, ಹೊಟ್ಟೆಯ ಬಳಿ ಗುಂಡಿ ಹೇಗೋ ಕೂಡಿತ್ತು. ಬೆರಳಿನ ಉಂಗುರಗಳು ಬಿಚ್ಚಲು ಬಂದಿರಲಿಲ್ಲ, ಹಾಗಾಗಿ ದಾರಿಯುದ್ದಕ್ಕೂ ಕೈಯನ್ನು ಜೇಬಿನಲ್ಲೇ ಇಟ್ಟುಕೊಂಡಿದ್ದರು.

ಚಿಗವ್ವನ ಬಾಗಿಲು ದಾಟಿದ್ದೇ ನಾನು ದಂಗಾದೆ. ಮಣ್ಣಿನ ನೆಲದ ಮೇಲೆ ಕಂದು ಬಣ್ಣದ ಸೋಫಾ. ಕಿಟಕಿಗೆ ಹೂವಿನ ಪರದೆ. ಮೂಲೆಯಲ್ಲಿ ಎದೆಯೆತ್ತರದ ಫ್ರಿಜ್ಜು ಗುಂಯ್ ಎನ್ನುತ್ತಿತ್ತು. ಚಿಗವ್ವ ಇಲಕಲ್ ಸೀರೆಯುಟ್ಟು, ಚಿನ್ನದಂಚಿನ ಪಿಂಗಾಣಿ ಕಪ್ಪುಗಳಲ್ಲಿ ಚಹಾ ತಂದಳು. ಅಧ್ಯಕ್ಷರ ತಂಗಿಯ ಮುಖ ಅರಳಿತು. ಸೋಫಾದ ಮೇಲೆ ಒಮ್ಮೆ ಕುಲುಕಿ ನೋಡಿದಳು, ಫ್ರಿಜ್ಜಿನ ಬಾಗಿಲು ತೆಗೆದು ಒಳಗೆ ಇಣುಕಿದಳು. “ಮನಿ ಸಣ್ಣದಿದ್ರೂ ಚೊಕ್ಕ ಇಟ್ಟೀರಿ ಬಿಡ್ರಿ” ಎಂದು ಹುಡುಗಿಯನ್ನು ಪಕ್ಕದಲ್ಲಿ ಕೂಡಿಸಿಕೊಂಡು ಕೈ ಹಿಡಿದಳು. ಮದುವೆ ಅಲ್ಲಿಗೆ ನಿಶ್ಚಯವಾದಂತೆಯೇ. ಅಧ್ಯಕ್ಷರೂ ತಂಗಿಯ ಸಂತೋಷದಲ್ಲಿ ಬಂದ ಕೆಲಸ ಮರೆತರು. ಚಹಾ ಬಹಳ ಚೆನ್ನಾಗಿದೆಯೆಂದು ಇನ್ನೊಂದು ಕಪ್ಪು ಹಾಕಿಸಿಕೊಂಡರು.

ಆಯೋಗದವರು ಹೇಳಿದ ಹೊತ್ತಿಗೆ ಬರಲಿಲ್ಲ. ಗೋಳಗುಮ್ಮಟ ನೋಡಲು ಹೋಗಿದ್ದಾರೆಂದು ಫೋನು ಬಂತು. ಅಲ್ಲಿ ಒಮ್ಮೆ ಕೂಗಿದ್ದು ಮತ್ತೆ ಮತ್ತೆ ಕೇಳಿಸುತ್ತದಲ್ಲ, ನಮ್ಮ ಮನವಿಯನ್ನೂ ಅಲ್ಲೇ ಓದಿಸಿದ್ದರೆ ಎಲ್ಲರ ತಿಕೋಟಾ ಪ್ರಯಾಣ ಉಳಿಯುತ್ತಿತ್ತು ಎಂದುಕೊಂಡೆ. ಅಷ್ಟರಲ್ಲಿ ಇನ್ನೊಂದು ಫೋನು: ಕಾರು ತಿಕೋಟಾ ಊರೊಳಗೆ ಬಂದಿದೆ.

ಆಗ ಅಧ್ಯಕ್ಷರಿಗೆ ಎಚ್ಚರವಾಯಿತು. ಸೋಫಾ ನೋಡಿದರು, ಪರದೆ ನೋಡಿದರು, ಫ್ರಿಜ್ಜಿನ ಮೇಲೆ ಕಣ್ಣು ನಿಂತಿತು. ನನ್ನ ಕಿವಿಯ ಹತ್ತಿರ ಬಂದು ಹಲ್ಲು ಕಚ್ಚಿ ಹೇಳಿದರು. “ಸರ, ಹಿಂದುಳಿದಿದ್ದು ಎಲ್ಲೈತ್ರಿ ಇಲ್ಲಿ? ಹಿಡೀರಿ ಮೊದಲ ಇದನ್ನ, ಹೊರಗ ಹಾಕೂನು!”

ನಾನೊಂದು ಕಡೆ, ಸಮಾಜದ ಅಧ್ಯಕ್ಷರು ಒಂದು ಕಡೆ, ಫ್ರಿಜ್ಜನ್ನು ಎತ್ತಿದೆವು. ತಂಗಿಗೆ ಅರ್ಥವಾಗಲಿಲ್ಲ. “ಯಾಕಣ್ಣಾ, ಕೆಟ್ಟೈತೇನು?” ಎಂದಳು. ಅಧ್ಯಕ್ಷರ ಹೊಟ್ಟೆಯ ಬಳಿ ಗುಂಡಿ ಕಿತ್ತು ಹಾರಿತು. ಒಂದೇ ಬಾಗಿಲಾದ್ದರಿಂದ ಮುಂದಿನ ಅಂಗಳಕ್ಕೇ ತರಬೇಕಾಯಿತು. ಬಿಸಿಲಿಗೆ ಬಂದಾಗ, ಅಲ್ಲಿಯವರೆಗೆ ಗೋಡೆಗೆ ಒತ್ತಿಕೊಂಡಿದ್ದ ಬದಿಯಲ್ಲಿ ಒಂದು ಸ್ಟಿಕರು ಕಾಣಿಸಿತು. ನೀಲಿ ಬಣ್ಣದ ಧಮ್ಮಚಕ್ರ. ಅಂಥ ಚಕ್ರ ನಮ್ಮ ಸೀಮೆಯಲ್ಲಿ ಯಾರ ಮನೆಗಳಲ್ಲಿರುತ್ತದೆ ಎಂದು ಯಾರಿಗೂ ಹೇಳಿಕೊಡಬೇಕಾಗಿಲ್ಲ.

ಅಧ್ಯಕ್ಷರು ಫ್ರಿಜ್ಜಿನಿಂದ ಕೈ ಹಿಂದೆಗೆದರು, ಇಡೀ ಭಾರ ನನ್ನ ಮೇಲೆ ಬಿತ್ತು. ಹೊರಗೆ ಬಂದ ಚಿಗವ್ವನನ್ನು ಮೆಲ್ಲಗೆ ಕೇಳಿದರು. “ಇದು ಎದುರು ಮನೀದೇನು?”

ಚಿಗವ್ವ ಹೌದೆಂದು ತಲೆಯಾಡಿಸಿದಳು.

“ಕಪ್ಪೂ?”

ಅದಕ್ಕೂ ತಲೆಯಾಡಿಸಿದಳು. ಅಧ್ಯಕ್ಷರು ಹೆಗಲ ಮೇಲಿನ ವಸ್ತ್ರದಿಂದ ತುಟಿ ಒರೆಸಿಕೊಂಡರು, ಮತ್ತೊಮ್ಮೆ ಒರೆಸಿಕೊಂಡರು. ಒಳಗೆ ಹೋದದ್ದನ್ನು ಒರೆಸುವುದು ಹೇಗೆಂದು ತಿಳಿಯಲಿಲ್ಲ. ಎದುರು ಮನೆಯ ಬಾಗಿಲಲ್ಲಿ ನರ್ಸಬಾಯಿ ನಿಂತಿದ್ದರು. ರಸ್ತೆ ಅಗಲವಿಲ್ಲ, ಎಲ್ಲವೂ ಅವರಿಗೆ ಕೇಳುತ್ತಿತ್ತು.

“ನೋಡ ಬೇ” ಅಧ್ಯಕ್ಷರು ಅವಸರದಲ್ಲಿ ಹೇಳಿದರು. “ಆಗಿದ್ದು ಆತು, ನಮ್ಮ ತಂಗಿಗೆ ಗೊತ್ತಿಲ್ಲ, ಗೊತ್ತಾಗೂದೂ ಬ್ಯಾಡ. ಯಾರ ಕೇಳಿದ್ರೂ ಎಲ್ಲಾ ಬಾಡಗೀದು, ಪೆಂಡಾಲದವನ ಕಡಿಂದ ತಂದೇನಿ ಅನ್ನು. ಹಂಗಂದ್ರ ಮದುವಿ ನಾ ನಿಂತ ಮಾಡಸ್ತೀನಿ. ಇಲ್ಲಾಂದ್ರ ನಿನ್ನ ಮಗಳ ಮಾತು ಇಲ್ಲಿಗೇ ಮುಗೀತು.”

ಅವರ ಮಾತು ಮುಗಿಯುವಷ್ಟರಲ್ಲಿ ಕಾರು ಬಂದು ನಿಂತಿತು. ಆಯೋಗದ ಸದಸ್ಯರು ಇಳಿದರು. ಬಡವರ ಮನೆ ನೋಡಲು ಬಂದವರಿಗೆ ಮೊದಲು ಕಂಡದ್ದು ಅಂಗಳದ ನಡುವೆ ಫ್ರಿಜ್ಜನ್ನು ತಬ್ಬಿಕೊಂಡು ನಿಂತ ಕಾಲೇಜು ಮೇಷ್ಟ್ರು.

“ಏನ್ರೀ ಅಧ್ಯಕ್ಷರೇ, ಬಡತನ ತೋರಿಸ್ತೀವಿ ಅಂತ ಕರೆಸಿ ಫ್ರಿಜ್ ತೋರಿಸ್ತಿದ್ದೀರಲ್ಲ?”

“ಬಾಡಗೀದ್ರಿ ಸಾಹೇಬ್ರ.”

“ಬಡವರು ಫ್ರಿಜ್ ಬಾಡಿಗೆಗೆ ತರ್ತಾರೇನ್ರೀ?” ಸದಸ್ಯರು ಚಿಗವ್ವನ ಕಡೆ ತಿರುಗಿದರು. “ನೀವು ಹೇಳಿ ತಾಯಿ, ಇದು ಯಾರದು?”

ಅಷ್ಟರಲ್ಲಿ ಅಧ್ಯಕ್ಷರ ತಂಗಿ ಕೈಯಲ್ಲಿ ಕಪ್ಪು ಹಿಡಿದುಕೊಂಡೇ ಬಾಗಿಲಿಗೆ ಬಂದಿದ್ದಳು. ಪಕ್ಕದಲ್ಲಿ ಹುಡುಗಿ. ಚಿಗವ್ವ ಮಗಳ ಮುಖ ನೋಡಿದಳು. ಆಮೇಲೆ ರಸ್ತೆಯಾಚೆ ನೋಡಿದಳು. ಅಲ್ಲೇ ನೋಡುತ್ತ ಬಹಳ ಹೊತ್ತು ನಿಂತಳು. ಬಾಡಿಗೆ ಎಂಬ ಒಂದು ಮಾತು ಅವಳ ಬಾಯಿಂದ ಬಂದುಬಿಡಲಿ ಎಂದು ನಾನೂ ಕಾದೆ, ಸುಳ್ಳು ಹೇಳುವುದಿಲ್ಲ.

“ನಮ್ಮ ನರ್ಸಬಾಯೀದ್ರಿ” ಅಂದಳು ಚಿಗವ್ವ. “ಅಲ್ಲಿ ನಿಂತಾಳ ನೋಡ್ರಿ, ಅಕೀದು. ಒಳಗ ಸೋಫಾ ಐತಿ, ಅದೂ ಅಕೀದು. ಕಪ್ಪ ಬಸೀನೂ ಅಕೀವು. ಮನಿಗಿ ದೊಡ್ಡ ಮಂದಿ ಬರ್ತಾರು ಅಂತ ನಿನ್ನೆ ಹೊರಸಿ ಕೊಟ್ಟಾಳ್ರಿ.”

“ಅವರು ನಿಮ್ಮ ಸಮಾಜದವರಾ?”

“ಅಲ್ರಿ. ಅವರು ಬೌದ್ಧರ್ರಿ.”

ಸದಸ್ಯರು ಮನವಿಯ ಪುಟ ತಿರುವಿದರು. “ನಿಮ್ಮ ಕೈ ನೀರು ಬೇರೆ ಜನ ಮುಟ್ಟಲ್ಲ ಅಂತ ಇಲ್ಲಿ ಬರೆದಿದ್ದಾರೆ. ಹೌದಾ ತಾಯಿ?”

“ಸುಳ್ಳರಿ. ನಮ್ಮ ಕೈಯಾಗ ಎಲ್ಲಾರೂ ಕುಡೀತಾರ. ಅಕಿ ಕೈಯಾಗ ಇವರು ಕುಡ್ಯಾಂಗಿಲ್ಲ. ಇವತ್ತ ಅಕಿ ಕಪ್ಪಿನ್ಯಾಗ ಕುಡದಾರ್ರಿ, ಗೊತ್ತಿಲ್ದ.”

ತಂಗಿಯ ಬಾಯಲ್ಲಿ ಆ ಚಹಾದಲ್ಲಿ ಅದ್ದಿದ ಬಿಸ್ಕಿಟು ಇತ್ತು. ಅದನ್ನು ನುಂಗುವಂತಿಲ್ಲ, ಆಯೋಗದ ಎದುರು ಉಗುಳುವಂತಿಲ್ಲ. ಸಾಮಾಜಿಕ ನ್ಯಾಯವನ್ನು ನಾನು ಅಷ್ಟು ಹತ್ತಿರದಿಂದ ಮತ್ತೆಂದೂ ನೋಡಿಲ್ಲ. ಸದಸ್ಯರು ಕೆಮ್ಮಿದರು, ನಗು ಮುಚ್ಚಿಕೊಂಡರೋ ಏನೋ. ಒಳಗೆ ಕಾಲಿಡದೆ, ರಸ್ತೆಯಾಚೆಗೆ ಒಮ್ಮೆ ಕೈಮುಗಿದು ಕಾರು ಹತ್ತಿದರು.

ಅಧ್ಯಕ್ಷರು ತಂಗಿಯನ್ನು ಕರೆದುಕೊಂಡು ಹೊರಟುಹೋದರು. ನನ್ನನ್ನು ಕರೆಯಲಿಲ್ಲ. ಫ್ರಿಜ್ಜನ್ನು ನಾನು, ಚಿಗವ್ವ, ಅವಳ ಮಗಳು ಸೇರಿ ನರ್ಸಬಾಯಿಯ ಮನೆಗೆ ಸಾಗಿಸಿದೆವು. ನರ್ಸಬಾಯಿ ಕಪ್ಪುಗಳನ್ನು ತಾವೇ ಎತ್ತಿಕೊಂಡು ಹೋದರು.

ಜಾತಕ ಕೂಡಲಿಲ್ಲ ಎಂದು ಗಂಡಿನ ಕಡೆಯಿಂದ ಹೇಳಿಕಳಿಸಿದರು. ಜಾತಕ ಕೊಟ್ಟೇ ಇರಲಿಲ್ಲ. ಹುಡುಗನ ಫೋನು ನಿಂತಿತು, ಹುಡುಗಿ ಉಣ್ಣುವುದೂ ನಿಂತಿತು. ಅಧ್ಯಕ್ಷರು ಮುಂದಿನ ಸಭೆಯಲ್ಲಿ ನನ್ನ ಚಿಗವ್ವ ಸಮಾಜದ ಬೆನ್ನಿಗೆ ಚೂರಿ ಹಾಕಿದಳೆಂದರು, ಎಲ್ಲರೂ ಹೌದು ಹೌದು ಎಂದರು. ಯಾರ ಪಟ್ಟಿಗೆ ನಮ್ಮನ್ನೂ ಸೇರಿಸಿ ಎಂದು ಬೀದಿಗಿಳಿದಿದ್ದೇವೋ ಅವರ ಮನೆಯ ಕಪ್ಪಿನಲ್ಲಿ ಚಹಾ ಕುಡಿದದ್ದಕ್ಕೆ ಅಧ್ಯಕ್ಷರ ಮನೆಯಲ್ಲಿ ಗೋಮೂತ್ರ ಚಿಮುಕಿಸಿದರಂತೆ. ಮರುದಿನವೇ ಧರಣಿ ಮುಂದುವರಿಯಿತು, ಬೇಡಿಕೆ ಬದಲಾಗಿರಲಿಲ್ಲ. ಮೂರನೆಯ ಪುಸ್ತಿಕೆಗೆ ನನ್ನನ್ನು ಕರೆಯಲಿಲ್ಲ. ಆಂಗ್ಲ ಮಾಧ್ಯಮದ ಮೇಷ್ಟ್ರೊಬ್ಬರು ಬರೆಯುತ್ತಿದ್ದಾರೆಂದು ಕೇಳಿದೆ. ದೇವರು ಅವರ ಕನ್ನಡವನ್ನು ಕಾಪಾಡಲಿ.

ಸ್ವಲ್ಪ ದಿನ ಬಿಟ್ಟು ತಿಕೋಟಾಕ್ಕೆ ಹೋದೆ. ಹುಡುಗಿ ಒಳಗೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಅವಳನ್ನು ನೋಡಿ ನನಗೆ ಸಿಟ್ಟು ತಡೆಯಲಾಗಲಿಲ್ಲ. ಸಿಟ್ಟು ಬರಬೇಕಾದದ್ದು ಅಧ್ಯಕ್ಷರ ಮೇಲೆ, ಬಂದದ್ದು ಚಿಗವ್ವನ ಮೇಲೆ.

“ಬಾಡಗೀದು ಅಂದಿದ್ರ ಏನ ಆಗ್ತಿತ್ತು ಚಿಗವ್ವಾ? ನರ್ಸಬಾಯಿ ಏನರ ಬ್ಯಾಸರಾ ಮಾಡ್ಕೋತಿದ್ಲಾ? ತಿಳದಾಕಿ ಅದಾಳ ಅಕಿ.”

ಚಿಗವ್ವ ನೆಲದ ಮೇಲೆ ಕೂತು ಅಕ್ಕಿ ಹಸನು ಮಾಡುತ್ತಿದ್ದಳು. ಮೊರವನ್ನು ಕೆಳಗಿಟ್ಟಳು. ಅವಳ ಕಣ್ಣಲ್ಲಿ ನೀರಿತ್ತು, ಆದರೆ ದನಿ ಬೈಯುವ ದನಿ.

“ನಾ ಅನ್ನಾಕ ನಿಂತಿದ್ನೋ ಯಪ್ಪಾ. ಮಗಳ ಮುಖಾ ನೋಡಿ ಅಂದಬಿಡಬೇಕಂತ ಬಾಯಿ ತಗದಿದ್ನಿ. ಅಷ್ಟರಾಗ ಅಕಿ ಕಡೆ ನೋಡಿದ್ನಿ. ಅಲ್ಲೇ ಬಾಗಲದಾಗ ನಿಂತು ನನಗ ಕೈಸನ್ನಿ ಮಾಡಾಕತ್ತಿದ್ಲು. ಬಾಡಗಿ ಅನ್ನು, ನಮ್ಮದಲ್ಲ ಅನ್ನು, ಅಂದಬಿಡು ಅಂತ. ಅಂಜಿಕಿ ಇಲ್ಲ, ಬ್ಯಾಸರಿಲ್ಲ, ನಕ್ಕೋತ ಮಾಡಾಕತ್ತಿದ್ಲು. ಎಷ್ಟ ಮಂದಿ ಮನ್ಯಾಗ ಹಂಗ ಅನಿಸ್ಕೊಂಡಿದ್ರ ಅಕಿಗಿ ಅಷ್ಟ ರೂಢಿ ಆಗಿರಬೇಕೋ ತಮ್ಮಾ? ಅದನ್ನ ನೋಡಿ ನನಗ ಬಾಡಗಿ ಅನ್ನಾಕ ಬಾಯಿ ಬರಲಿಲ್ಲ.”